ನನ್ನ ಮೊದಲ ದೊಡ್ಡ ಕುಸ್ತಿ ಮತ್ತು ಮೀರಾಸಾಬರ ಎಡಗೈ

ನಮ್ಮ ಕಡೆಯ ಊರುಗಳೆಲ್ಲ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಬೇಸಿಗೆ, ಅಂದರೆ ೧೯೫೭. ನನಗಾಗ ಇಪ್ಪತ್ತೆರಡೋ ಇಪ್ಪತ್ತಮೂರೋ. ಹುಟ್ಟಿದ ದಿನವನ್ನು ಬರೆದಿಡುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಕೇಳಿದವರಿಗೆಲ್ಲ ಅವ್ವ, "ಕುರಿಗೆ ದೊಡ್ಡ ಬ್ಯಾನಿ ಬಂದಿತ್ತಲ್ಲ, ಆ ವರ್ಷ ಹುಟ್ಟಿದಾಂವ" ಎನ್ನುತ್ತಿದ್ದಳು.

ಈಗ ನನ್ನನ್ನು ನೋಡಿದವರಿಗೆ ಇವನೊಬ್ಬ ಪೈಲ್ವಾನನಾಗಿದ್ದ ಎಂದರೆ ನಗು ಬರುತ್ತದೆ. ನಮ್ಮ ಮೊಮ್ಮಕ್ಕಳೇ ನಂಬುವುದಿಲ್ಲ. ಅವರಿಗೆ ನಾನು ತೋರಿಸುವುದು ನನ್ನ ಬಲಗಿವಿ. ತಾಲೀಮಿನ, ಅಂದರೆ ಗರಡಿಮನೆಯ, ಮಣ್ಣಿನಲ್ಲಿ ತಿಕ್ಕಿ ತಿಕ್ಕಿ ಮುರಿದು ಮುದ್ದೆಯಾದ ಕಿವಿ. ತೋಳಿನ ಮಾಂಸ ಇಳಿಯಿತು, ಎದೆ ಕುಗ್ಗಿತು, ಕಿವಿ ಮಾತ್ರ ಹಾಗೇ ಉಳಿದಿದೆ.

ನಮ್ಮದು ಮಸಗುಪ್ಪಿಯ ಕುರಿಗಾರರ ಮನೆತನ. ನಮ್ಮೂರಲ್ಲಿ ಆಗ ಒಂದು ಪದ್ಧತಿ ಇತ್ತು. ಊರಿಗೊಬ್ಬ ಪೈಲ್ವಾನನನ್ನು ಊರವರೇ ಸಾಕುತ್ತಿದ್ದರು. ಇಂದು ಈ ಮನೆಯ ಹಾಲು, ನಾಳೆ ಆ ಮನೆಯ ಹಾಲು ಎಂದು ಪಾಳಿ ಹಚ್ಚಿರುತ್ತಿದ್ದರು. ಬೆಳಗ್ಗೆ ತಾಲೀಮು ಮುಗಿಸಿ ಮೈಗೆ ಹತ್ತಿದ ಮಣ್ಣಿನಲ್ಲೇ ನಾನು ಚರಿಗೆ ಹಿಡಿದು ಹೊರಟರೆ, ಪಾಳಿಯ ಮನೆಯ ಹೆಣ್ಣುಮಕ್ಕಳು ಆಗಷ್ಟೇ ಹಿಂಡಿದ ಎಮ್ಮೆಯ ಹಾಲನ್ನು ಸುರುವಿ, ನಾನು ಪೂರ್ತಿ ಕುಡಿದು ಮುಗಿಸುವವರೆಗೆ ಎದುರಿಗೆ ನಿಂತಿರುತ್ತಿದ್ದರು. ಅವರ ಮನೆಯ ಮಕ್ಕಳು ಹೊಸ್ತಿಲಲ್ಲಿ ಕೂತು ನನ್ನ ಗಂಟಲು ಏರಿಳಿಯುವುದನ್ನೇ ನೋಡುತ್ತಿದ್ದವು. ಆ ಮಕ್ಕಳ ಮುಖ ನೋಡುತ್ತ ಹಾಲು ಕುಡಿಯುವುದು ಸುಲಭದ ಕೆಲಸವಾಗಿರಲಿಲ್ಲ. ಊರ ಹಾಲು ಕುಡಿದವನು ಎಂಬ ಮಾತು ಬೆನ್ನ ಹಿಂದೆ ಯಾವಾಗಲೂ ಇರುತ್ತಿತ್ತು.

ಆಗಿನ ಕುಸ್ತಿ ಮೈದಾನದ ರೀತಿಯನ್ನು ಈಗಿನವರಿಗೆ ಸ್ವಲ್ಪ ಹೇಳಬೇಕು. ಮಧ್ಯಾಹ್ನ ಬಿಸಿಲು ತುಸು ಬಾಗಿದ ಮೇಲೆ ಮೊದಲು ಚಿಕ್ಕ ಹುಡುಗರ ಕುಸ್ತಿ. ಗೆದ್ದವನಿಗೆ ಕೊಬ್ಬರಿ ಬಟ್ಟಲು. ಆಮೇಲೆ ಹರೆಯದವರದು. ಗೆದ್ದರೆ ತಲೆಗೊಂದು ರುಮಾಲು. ಇವರ್ಯಾರ ಹೆಸರನ್ನೂ ಯಾರೂ ಕೂಗಿ ಹೇಳುವುದಿಲ್ಲ. ಹೊತ್ತು ಇಳಿದ ಮೇಲೆ ನಂಬರಿನ ಕುಸ್ತಿಗಳು. ಆಗ ಹಲಗಿ ಬಾರಿಸುವುದನ್ನು ನಿಲ್ಲಿಸಿ, ಇಂಥ ಊರಿನ ಇಂಥ ಪೈಲ್ವಾನ ಎಂದು ನಾಲ್ಕೂ ದಿಕ್ಕಿಗೆ ಕೂಗುತ್ತಾರೆ. ಒಮ್ಮೆ ಹಾಗೆ ಹೆಸರು ಕೂಗಿಸಿಕೊಂಡು ಎದೆ ಕೊಟ್ಟು ನಿಂತವನು ಪೈಲ್ವಾನ. ಅವನನ್ನು ಊರೂರಿನವರು ಕರೆಸುತ್ತಾರೆ, ಉಣಿಸುತ್ತಾರೆ, ಬಿದಾಯಿಯ ದುಡ್ಡು ಕೊಟ್ಟು ಕಳಿಸುತ್ತಾರೆ. ಕುಸ್ತಿಯೇ ಅವನ ದುಡಿಮೆಯಾಗುತ್ತದೆ. ಅದಿಲ್ಲದವನು ತಾಲೀಮಿನಲ್ಲಿ ಎಷ್ಟೇ ಬೆವರು ಸುರಿಸಿದರೂ ಕುರಿ ಕಾಯುವವನೇ.

ನಾನು ಕೊಬ್ಬರಿ ಬಟ್ಟಲು ಬೇಕಾದಷ್ಟು ಗೆದ್ದಿದ್ದೆ, ರುಮಾಲೂ ಗೆದ್ದಿದ್ದೆ. ಹೆಸರು ಕೂಗಿಸಿಕೊಂಡಿರಲಿಲ್ಲ. ಆ ಬೇಸಿಗೆಯಲ್ಲಿ ಗೋಕಾಕದ ಹಿರಿಯರು ಊರ ಹೊರಗಿನ ಬಯಲಿನಲ್ಲಿ ದೊಡ್ಡ ಮೈದಾನ ಇಟ್ಟರು. ನನಗೆ ಕುಸ್ತಿ ಕಲಿಸಿದ ಭೀಮಣ್ಣ ವಸ್ತಾದರು ಗೋಕಾಕಕ್ಕೆ ಹೋಗಿ ಮಾತಾಡಿ ಬಂದವರೇ, ತಾಲೀಮಿನ ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತ, "ಮಾಳ್ಯಾ, ನಿನ್ನ ಜೋಡಿ ಠರಾಸಿ ಬಂದೇನಿ. ಎರಡನೇ ನಂಬರಿನ ಕುಸ್ತಿ. ಹುಕ್ಕೇರಿ ಮೀರಾಸಾಬ" ಎಂದರು.

ಹುಕ್ಕೇರಿಯ ಮೀರಾಸಾಬ ಪೈಲ್ವಾನರೆಂದರೆ ನಾನು ಕೊಬ್ಬರಿ ಬಟ್ಟಲಿಗೆ ಬಡಿದಾಡುತ್ತಿದ್ದಾಗಲೇ ಕೊಲ್ಲಾಪುರ, ಮಿರಜಿಗೆ ಹೋಗಿ ಕುಸ್ತಿ ಹಿಡಿದು ಬಂದವರು. ವಯಸ್ಸು ನಲವತ್ತರ ಹತ್ತಿರ. ಒಂದು ಮೊಣಕಾಲು ಕೈ ಕೊಟ್ಟಿದೆ ಎಂದು ಸುದ್ದಿ ಇತ್ತು. ಆದರೂ ಹುಲಿ ಹುಲಿಯೇ ತಾನೆ.

"ಕಾಕಾ, ಅವರ ಮುಂದ ನಾ ನಿಲ್ಲತೇನೇನ್ರಿ?" ಎಂದೆ.

"ಗೆಲ್ಲು ಅಂತ ಯಾರ ಹೇಳ್ಯಾರ? ನಿಲ್ಲು. ಚೆಂದಾಗಿ ನಿಂತೆಂದ್ರ ನೀ ಪೈಲ್ವಾನ. ಹೋದ ಕೂಡ್ಲೆ ಬಿದ್ದು ಮಂದಿ ನಗೂವಂಗ ಮಾಡ್ಕೊಂಡೆಂದ್ರ, ಹಿರ್ಯಾರು ನನ್ನ ಮುಂದನ ಹೇಳ್ಯಾರ, ಹಾಲಿನ ಪಾಳಿ ಇಲ್ಲಿಗೇ ಸಾಕಂತ. ಮರುದಿನಾನ ನಿಮ್ಮಪ್ಪನ ಹಿಂಡಿನ ಹಿಂದ ಹೋಗು" ಎಂದರು ಕಾಕಾ. ಅವರು ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದನ್ನು ಹೇಳಿದರು.

ಸೋಲಿಗಿಂತ ನನಗೆ ಮಂದಿ ನಗುವುದರ ಭಯವೇ ಹೆಚ್ಚಿತ್ತು. ನಮ್ಮ ಕಡೆ ಒಬ್ಬನಿಗೆ ಹೆಸರಿಟ್ಟರೆ ಅದು ಅವನು ಸತ್ತರೂ ಹೋಗುವುದಿಲ್ಲ. ನಮ್ಮೂರಲ್ಲೇ ಒಬ್ಬ ಮದುಮಗ ಮೆರವಣಿಗೆಯಲ್ಲಿ ಕುದುರೆಯಿಂದ ಜಾರಿ ಬಿದ್ದಿದ್ದನಂತೆ. ಅವನ ಮೊಮ್ಮಕ್ಕಳ ಮನೆಗೂ ಜನ 'ಬಿದ್ದವರ ಮನಿ' ಎಂದೇ ಕರೆಯುತ್ತಿದ್ದರು. ಆ ಮನೆಗೆ ಹೆಣ್ಣು ಕೇಳಲು ಬಂದ ಬೀಗರೂ, "ಬಿದ್ದವರ ಮನಿ ಎಲ್ಲಿ ಬರ್ತೈತ್ರಿ?" ಎಂದೇ ದಾರಿ ಕೇಳಿಕೊಂಡು ಬರುತ್ತಿದ್ದರು. ಇಂಥ ಊರಿನಲ್ಲಿ ಇದ್ದುಕೊಂಡು ಸಾವಿರಾರು ಮಂದಿಯ ಮುಂದೆ ಮೊದಲ ಸಲ ನಿಲ್ಲುವವನ ಸಂಕಟ ನಿಮಗೇ ತಿಳಿಯಬೇಕು.

ಅವ್ವನಿಗೆ ಮಾತ್ರ ಹಿಗ್ಗೋ ಹಿಗ್ಗು. ಮಗನ ಹೆಸರನ್ನು ಗೋಕಾಕದಲ್ಲಿ ಕೂಗುತ್ತಾರೆ ಎಂಬುದನ್ನು ಬಾವಿಕಟ್ಟೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಳು. ಮೂಡಲಗಿ ಸಂತೆಗೆ ಹೋಗಿ ಕೆಂಪು ಅರಿವೆ ತಂದು, ಅಲ್ಲೇ ಸಿಂಪಿಗರ ಹತ್ತಿರ ಕೂತು ಹೊಸ ಲಂಗೋಟಿ ಹೊಲಿಸಿದಳು. ಆಗಿನ ಪೈಲ್ವಾನರು ಹಳೆಯ ಕಾಲದವರಂತೆ ಬರೀ ಲಂಗೋಟಿಯ ಮೇಲೆ ಕುಸ್ತಿ ಹಿಡಿಯುವವರು. ಈಗಿನ ಹಾಗೆ ಅದರ ಮೇಲೆ ಚಡ್ಡಿ ಇರಲಿಲ್ಲ.

ಅಂಗಡಿಯ ಹೊಸ ಅರಿವೆಗೆ ಗಂಜಿ ಜಾಸ್ತಿ. ಮುಟ್ಟಿದರೆ ಚರಚರ ಎನ್ನುತ್ತದೆ. ತಾಲೀಮಿನವರು ಹೊಸ ಲಂಗೋಟಿಯನ್ನು ಹತ್ತಾರು ಸಲ ಒಗೆದು, ಹಿಂಡಿ, ಮೆತ್ತಗೆ ಮಾಡಿದ ಮೇಲೆಯೇ ಕಟ್ಟಿಕೊಳ್ಳುವುದು. ನಾನು ಅದನ್ನು ಒಗೆಯಲು ಹೊಳೆಗೆ ಒಯ್ಯಲು ಹೊರಟರೆ ಅವ್ವ ಬಾಗಿಲಲ್ಲೇ ಹಿಡಿದಳು.

"ಹೊಸಾ ಅರಬಿಗೆ ನೀರ ತಾಕಸ್ತಾರೇನೋ? ಶುಭಕಾರ್ಯಕ್ಕ ಉಡೂದೈತಿ. ಅರಿಷಿಣ ಹಚ್ಚಿ ದೇವರ ಮುಂದ ಇಡ್ತೇನಿ. ಹಂಗನ ಕಟ್ಟಿಕೋ."

ಇದು ನಮ್ಮ ಮನೆಗಳ ಪದ್ಧತಿ. ಮದುವೆಯಲ್ಲಾಗಲಿ ಹಬ್ಬದಲ್ಲಾಗಲಿ ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚಿ, ದೇವರಿಗೆ ತೋರಿಸಿ, ಒಗೆಯದೆ ಉಡುವುದು. ಅವ್ವನ ಲೆಕ್ಕದಲ್ಲಿ ಧೋತರಕ್ಕೂ ಲಂಗೋಟಿಗೂ ಭೇದವಿರಲಿಲ್ಲ. ಕಾಕಾನಿಗೆ ಹೇಳಿದೆ. ಅವರು ಲಂಗೋಟಿಯ ಕಟ್ಟುವ ಕಸಿಗಳನ್ನು ಬೆರಳಲ್ಲಿ ತಿಕ್ಕಿ ನೋಡಿ ಮುಖ ಹುಳ್ಳಗೆ ಮಾಡಿದರು. ಆಮೇಲೆ, "ಹಡದವ್ವ ದೇವರ ಮುಂದ ಇಟ್ಟು ಕೊಟ್ಟದ್ದು. ಬ್ಯಾಡಂತ ನಾ ಹೆಂಗ ಅನ್ನಲಿ. ಬಿಗದು ಕಟ್ಟಿದ್ರಾತು" ಎಂದರು. ಊರಿಗೆಲ್ಲ ಹೆದರದ ಭೀಮಣ್ಣ ವಸ್ತಾದರು ನಮ್ಮವ್ವನಿಗೆ ಹೆದರುತ್ತಿದ್ದರು.

ಮೈದಾನದ ದಿನ ನಸುಕಿನಲ್ಲೇ ಚಕ್ಕಡಿಗಳು ಹೊರಟವು. ಊರಲ್ಲಿ ಗಂಡಸೆಂಬುವನು ಉಳಿಯಲಿಲ್ಲ. ಹಿರಿಯರು ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಬುತ್ತಿ ಕಟ್ಟಿಕೊಂಡು ಬಂದಿದ್ದರು. ದಾರಿಯುದ್ದಕ್ಕೂ ನನಗೆ ಉಪದೇಶ. ಜೀವಮಾನದಲ್ಲಿ ಒಂದು ಕುಸ್ತಿ ಹಿಡಿಯದವರು ಮೀರಾಸಾಬರನ್ನು ಹೇಗೆ ಕೆಡವಬೇಕೆಂದು ಚಕ್ಕಡಿಯಲ್ಲೇ ಒಬ್ಬರ ಕುತ್ತಿಗೆ ಒಬ್ಬರು ಹಿಡಿದು ತೋರಿಸಿದರು. ಗೋಕಾಕ ಸಮೀಪಿಸುತ್ತಿದ್ದಂತೆ ನನಗೆ ಯಾರ ಮಾತೂ ಕೇಳಿಸದಾಯಿತು.

ಬಯಲಿನಲ್ಲಿ ಇರುವೆ ಮುತ್ತಿದ ಹಾಗೆ ಜನ. ಅಂಕಲಗಿಯವರು, ಮೂಡಲಗಿಯವರು, ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ಪಾಳಿ ಮುಗಿಸಿ ಬಂದವರು, ಹುಕ್ಕೇರಿಯಿಂದ ಬಂದ ದೊಡ್ಡ ಗುಂಪು. ನಡುವೆ ಕಣ. ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿದ್ದರು. ಆ ವಾಸನೆ ಈಗಲೂ ಕೆಲವು ಸಲ ಮಳೆ ಬಿದ್ದಾಗ ಎಲ್ಲಿಂದಲೋ ಬಂದು ಮೂಗಿಗೆ ಬಡಿಯುತ್ತದೆ. ಕೈಯಲ್ಲಿದ್ದ ಕೆಲಸ ಬಿಟ್ಟು ಕೂತುಬಿಡುತ್ತೇನೆ.

ಸಂಜೆಯ ಬಿಸಿಲು ಹಳದಿಯಾಗುವ ಹೊತ್ತಿಗೆ ಹಲಗಿ ನಿಂತಿತು. "ಮಸಗುಪ್ಪಿಯ ಮಾಳಪ್ಪ ಪೈಲ್ವಾನ" ಎಂದು ಕೂಗಿದರು. ಮೊದಲ ಸಲ ನನ್ನ ಹೆಸರಿನ ಮುಂದೆ ಆ ಮಾತು ಬಂದದ್ದು. ಅದು ನಾನೇ ಎಂದು ಗೊತ್ತಾಗಲು ಸ್ವಲ್ಪ ತಡವಾಯಿತು. ಕಾಕಾ ಬೆನ್ನಿಗೆ ತಟ್ಟಿದ ಮೇಲೆ ಕಣಕ್ಕೆ ಇಳಿದು, ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡೆ.

ಎದುರಿಗೆ ಮೀರಾಸಾಬರು ಬಂದರು. ಎತ್ತರದ ಆಳು, ಗಡ್ಡದಲ್ಲಿ ಅಲ್ಲಲ್ಲಿ ನರೆ. ಎಡಗಾಲನ್ನು ತುಸು ಜಾಗ್ರತೆಯಿಂದ ಊರುತ್ತಿದ್ದರು. ಹಿಡಿ ಮಣ್ಣು ತೆಗೆದು ನನ್ನ ಭುಜಕ್ಕೆ ಎರಚಿದರು, ನಾನೂ ಅವರಿಗೆ ಎರಚಿದೆ. ಬೆವರಿಗೆ ಕೈ ಜಾರದಿರಲಿ ಎಂದು ಹಾಗೆ ಮಾಡುವುದು. ಕೈ ಕೂಡಿಸಿದೆವು. ಅವರ ಅಂಗೈ ಕಾದ ಕಲ್ಲಿನಂತಿತ್ತು.

ಮೊದಲಿಗೆ ನಾನೇ ನುಗ್ಗಿದೆ. ಅವರು ನನ್ನನ್ನು ಬರಮಾಡಿಕೊಂಡು, ಕತ್ತಿನ ಮೇಲೆ ಕೈ ಹಾಕಿ, ಹೊಸ ಹೋರಿಯನ್ನು ನೊಗಕ್ಕೆ ಪಳಗಿಸುವವರಂತೆ ಅತ್ತ ಇತ್ತ ತಿರುಗಿಸಿದರು. ಎರಡು ಸಲ ಅವರ ಪಟ್ಟಿನಿಂದ ಜಾರಿ ಹೊರಬಂದೆ. ನಮ್ಮೂರವರು ಕುಣಿದರು. ನನ್ನ ಭಯ ಹೋಯಿತು. ಕೈಕಾಲಿಗೆ ತಮ್ಮ ಕೆಲಸ ನೆನಪಾಯಿತು. ಕುಸ್ತಿ ಏರುತ್ತ ಹೋಯಿತು. ಇಬ್ಬರ ಮೈಯಿಂದಲೂ ಬೆವರು ಹರಿಯಿತು.

ಆಗ ಅವರು ನನ್ನನ್ನು ಕೆಳಗೆ ಕೆಡವಿ ಬೆನ್ನ ಮೇಲೆ ಬಂದರು. ನಾನು ಬೆನ್ನು ನೆಲಕ್ಕೆ ಹತ್ತದಂತೆ ಬೋರಲಾಗಿ ಮಣ್ಣಿಗೆ ಅಂಟಿಕೊಂಡೆ. ಅವರು ಎಡಗೈಯಿಂದ ಹಿಂದುಗಡೆ ನನ್ನ ಲಂಗೋಟಿಯ ಗಂಟಿನ ಬಳಿ ಹಿಡಿದು ಎತ್ತಲು ನೋಡಿದರು. ಕುಸ್ತಿಯಲ್ಲಿ ಹಾಗೆ ಹಿಡಿಯುವುದು ರೂಢಿಯೇ, ತಪ್ಪಲ್ಲ. ಅಷ್ಟರಲ್ಲಿ ನನ್ನ ಸೊಂಟದ ಬಿಗಿ ಹೋಯಿತು.

ಬೆವರು ಕುಡಿದು ಅರಿವೆಯ ಗಂಜಿ ಅಂಬಲಿಯಾಗಿತ್ತು. ಕಾಕಾ ಎಷ್ಟು ಬಿಗಿದು ಕಟ್ಟಿದ್ದರೂ ಕಸಿಗಳು ಒಂದರ ಮೇಲೊಂದು ಜಾರಿ, ಗಂಟು ಬಿಚ್ಚುತ್ತಿತ್ತು. ಎದ್ದರೆ ಸಾವಿರಾರು ಮಂದಿಯ ನಡುವೆ ಹುಟ್ಟಿದ ಹಾಗೆ ನಿಲ್ಲಬೇಕು. ಕೈಯಿಂದ ಹಿಡಿದುಕೊಂಡರೆ ಅವರು ಒಂದೇ ತಿರುವಿಗೆ ನನ್ನನ್ನು ಮಲಗಿಸುತ್ತಾರೆ, ಆಗಲೂ ಮಾನ ಉಳಿಯುವುದಿಲ್ಲ. ಆ ಕ್ಷಣದಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಹಾಲಿನ ಪಾಳಿಯಲ್ಲ, ಅವ್ವನೂ ಅಲ್ಲ. ನಮ್ಮ ಮನೆಗೆ ಮುಂದಿನ ನಾಲ್ಕು ತಲೆಮಾರು ಜನ ಏನೆಂದು ಹೆಸರಿಡುತ್ತಾರೆ ಎಂಬುದು.

ಗಂಟಿನ ಮೇಲೇ ಕೈಯಿದ್ದದ್ದರಿಂದ ಮೀರಾಸಾಬರಿಗೆ ಅದು ನನಗಿಂತ ಮೊದಲೇ ತಿಳಿದಿರಬೇಕು. ಅವರು ಕೈ ಬಿಟ್ಟಿದ್ದರೆ ಕುಸ್ತಿ ಅಲ್ಲಿಗೆ ಮುಗಿಯುತ್ತಿತ್ತು. ಬಿಡಲಿಲ್ಲ. ಬಿಚ್ಚುತ್ತಿದ್ದ ಎರಡೂ ಕಸಿಗಳನ್ನು ಒಟ್ಟುಮಾಡಿ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದರು. ಅವರ ಗಡ್ಡ ನನ್ನ ಕಿವಿಗೆ ತಾಕಿತು.

"ಹೆದರಬ್ಯಾಡ ತಮ್ಮಾ. ನಾ ಹಿಡದೇನಿ. ನೀ ಸುಮ್ನ ಜಗ್ಗ್ಯಾಡಕೋತ ಇರು" ಎಂದರು.

ಬಲಗೈಯಿಂದ ನನ್ನ ಕುತ್ತಿಗೆ ಸುತ್ತಿ, ಎಡಗೈಯಲ್ಲಿ ಗಂಟು ಹಿಡಿದು, ನನ್ನನ್ನು ಮೈಗೆ ಒತ್ತಿಕೊಂಡೇ ಕಣದ ಅಂಚಿಗೆ ಎಳೆಯತೊಡಗಿದರು. ಅವರು ಹೇಳಿದಂತೆ ನಾನು ಜಗ್ಗಾಡಿದೆ. ನೋಡುವವರಿಗೆ ಅದೊಂದು ಭಾರೀ ಪಟ್ಟಿನಂತೆ ಕಂಡಿತಂತೆ. ಶಿಳ್ಳೆ, ಕೂಗಾಟ, ಹಲಗಿಯ ಬಡಿತ. ಹೀಗೆ ಒಂದು ಕೈಯನ್ನು ನನಗಾಗಿ ತೆಗೆದಿಟ್ಟು, ನೋಯುವ ಮೊಣಕಾಲ ಮೇಲೆ ಇಬ್ಬರ ಭಾರವನ್ನೂ ಹೊತ್ತು ಅವರು ಕಣ ದಾಟಿದರು. ಅಂಚಿನಲ್ಲಿ ಭೀಮಣ್ಣ ಕಾಕಾ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತಿದ್ದರು.

ಮೀರಾಸಾಬರು ತಲೆ ಎತ್ತಿ, ಕುಸ್ತಿಯ ತೀರ್ಪು ಕೊಡುವ ಪಂಚರಿಗೆ ಕೇಳುವಂತೆ ಕೂಗಿದರು. "ನಿಂದರ್ಸರಿ. ನನ್ನ ಲಂಗೋಟಿ ಸಡ್ಲ ಆಗೇತಿ. ಬಿಗಿ ಮಾಡ್ಕೋತೇನಿ."

ನನ್ನ ಲಂಗೋಟಿ, ಎಂದರು. ನಾನು ತಪ್ಪಿ ಕೇಳಿಸಿಕೊಂಡೆನೇನೋ ಅಂದುಕೊಂಡೆ. ಅಷ್ಟರಲ್ಲಿ ಅವರು ಕಾಕಾನ ಹೆಗಲ ಕಂಬಳಿಯನ್ನು ಎಳೆದು, "ಇಂವಂದೂ ಒಮ್ಮೆ ಬಿಗದಬಿಡೂನು" ಎನ್ನುತ್ತ ನಮ್ಮಿಬ್ಬರ ಸುತ್ತ ಹೊದಿಸಿದರು. ಕಾಕಾ ನನ್ನ ಸೊಂಟ ನೋಡಿದವರೇ ಎಲ್ಲ ತಿಳಿದು, ಕಂಬಳಿಯ ತುದಿ ಹಿಡಿದು ಗೋಡೆಯ ಹಾಗೆ ನಿಂತರು.

ಉಣ್ಣೆಯ ವಾಸನೆಯ ಆ ಕತ್ತಲಲ್ಲಿ ಮೀರಾಸಾಬರು ಕುಕ್ಕರಗಾಲಲ್ಲಿ ಕೂತು ನನ್ನ ಲಂಗೋಟಿಯ ಕಸಿಗಳಿಗೆ ಒಣ ಮಣ್ಣು ತಿಕ್ಕಿ, ಎರಡೆಳೆ ಮಾಡಿ ಗಂಟು ಹಾಕಿದರು. ಆಮೇಲೆ, ಯಾರಿಗೂ ಅನುಮಾನ ಬರಬಾರದೆಂದು, ಕಲ್ಲಿನಂತೆ ಬಿಗಿದಿದ್ದ ತಮ್ಮ ಲಂಗೋಟಿಯನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡರು. ಹೊರಗೆ ಜನ ನಗುತ್ತಿದ್ದರು. "ಹುಕ್ಕೇರಿ ಲಂಗೋಟಿ ಸಡ್ಲಾತಲ್ಲೋ" ಎಂದು ಒಬ್ಬ ಕೂಗಿದ. ಅದಕ್ಕೆ ಇಡೀ ಬಯಲೇ ನಕ್ಕಿತು. ಹುಕ್ಕೇರಿಯವರು ಮಾತ್ರ ತಲೆ ತಗ್ಗಿಸಿ ಕೂತಿದ್ದರಂತೆ.

"ಪೈಲ್ವಾನ್ರ..." ಎಂದೆ.

"ಈಗ ಎಲ್ಲಾ ಮರತಬಿಡು. ಕುಸ್ತಿ ಹಿಡಿ. ನನ್ನ ಮ್ಯಾಲ ದಯಾ ಮಾಡಿ ಕೈ ಸಡ್ಲ ಬಿಟ್ಟೆಂದ್ರ ಎತ್ತಿ ಮಂದ್ಯಾಗ ಒಗೀತೇನಿ" ಎಂದು ಕಂಬಳಿ ಸರಿಸಿದರು.

ಮತ್ತೆ ಕೈ ಕೂಡಿಸಿದೆವು. ಅವರು ಹೇಳಿದಂತೆಯೇ ಮಾಡಿದೆ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಮತ್ತೆ ಎಂದೂ ಕುಸ್ತಿ ಹಿಡಿದಿಲ್ಲ. ಒಮ್ಮೆ ಅವರನ್ನು ಮಂಡಿಯೂರಿಸಿದೆ ಕೂಡ. ಬಿಸಿಲು ಪೂರ್ತಿ ಆರುತ್ತ ಬಂದಿತ್ತು. ಕಡೆಗೆ ಅವರು ಯಾವ ಮಾಯದಲ್ಲಿ ಒಳಗೆ ಬಂದರೋ, ಸೊಂಟದ ಮೇಲೆ ಹೇರಿಕೊಂಡು ನನ್ನನ್ನು ತಿರುವಿ ಹಾಕಿದರು. ಬೆನ್ನಿಗೆ ತಂಪು ಮಣ್ಣು ತಾಕಿತು. ಮೇಲೆ ಆಕಾಶ ಕಂಡಿತು. ಸೋತಿದ್ದೆ. ಆದರೆ ಪಂಚರು ಮೀರಾಸಾಬರ ಕೈ ಎತ್ತಿದಾಗ ಅವರು ತಮ್ಮ ಇನ್ನೊಂದು ಕೈಯಿಂದ ನನ್ನನ್ನು ಎಬ್ಬಿಸಿ, ನನ್ನ ಕೈಯನ್ನೂ ಜೊತೆಗೆ ಎತ್ತಿದರು.

ಮೈಯ ಮಣ್ಣು ತೊಳೆಯಲು ಕಣದ ಆಚೆ ಒಂದು ದೊಡ್ಡ ಹಂಡೆ ನೀರು ಇಟ್ಟಿದ್ದರು. ಅಲ್ಲಿ ನಾವಿಬ್ಬರೇ ಇದ್ದೆವು. ಅವರು ಕಲ್ಲಿನ ಮೇಲೆ ಕೂತು ಮೊಣಕಾಲಿಗೆ ತಣ್ಣೀರು ಸುರಿದುಕೊಳ್ಳುತ್ತಿದ್ದರು. ಕಾಲು ಬಾತುಕೊಂಡಿತ್ತು. ನಾನು ಹೋಗಿ ಕಾಲು ಮುಟ್ಟಿದೆ. ತಡೆಯಲಾಗದೆ ಅತ್ತುಬಿಟ್ಟೆ.

"ಪೈಲ್ವಾನ್ರ, ಈಗಿಂದೀಗ ಪಂಚರ ಮುಂದ ಹೋಗಿ ಖರೆ ಹೇಳಿ ಬರ್ತೇನ್ರಿ. ಮಂದಿ ನಿಮಗ ನಗಾಕತ್ತಾರ" ಎಂದೆ.

ಅವರು ತಂಬಿಗೆ ಕೆಳಗಿಟ್ಟರು. "ಕುಂಡರು. ನಿಂದು ಇದು ಎಷ್ಟನೇ ಕುಸ್ತಿ?"

"ನಂಬರಿಂದು ಇದ ಮೊದಲನೇದ್ರಿ."

"ನಂದು ಇದು ಕಡೀದು. ಯಾರಿಗೂ ಹೇಳಿಲ್ಲ. ಈ ಕಾಲು ಇನ್ನ ಒಲ್ಲೆ ಅಂತೈತಿ. ನಾಳಿಂದ ನಾ ಹತ್ತಿ ಹಿಂಜಿ ಗಾದಿ ತುಂಬೂ ಮನಿಶ್ಯಾ. ನನಗ ಮಂದಿ ಏನ್ ಹೆಸರಿಟ್ಟರೂ ಅರಳೀ ತುಂಬಾಕ ಏನ್ ಅಡ್ಡಿ? ನಿನಗ ಇಟ್ಟಿದ್ರ ಊರೂರಾಗ ಕಣಕ್ಕ ಇಳದಾಗೊಮ್ಮೆ ಅದನ್ನ ಕೂಗ್ತಿದ್ರು. ನೀ ಬೆಳೀತಿರಲಿಲ್ಲ" ಎಂದರು. ಆಮೇಲೆ ಮತ್ತೆ ಕಾಲಿಗೆ ನೀರು ಸುರಿದುಕೊಳ್ಳತೊಡಗಿದರು.

ಊರಿಗೆ ಮರಳುವಾಗ ನನ್ನನ್ನು ಚಕ್ಕಡಿಯ ಮುಂದೆ ಕೂರಿಸಿ ಗುಲಾಲು ಎರಚಿದರು. ಸೋತವನಿಗೆ ಇಷ್ಟೇಕೆ ಎಂದರೆ, ನಮ್ಮ ಮಾಳ್ಯಾ ಹಾಕಿದ ಪಟ್ಟಿಗೆ ಹುಕ್ಕೇರಿ ಮೀರಾಸಾಬನ ಲಂಗೋಟಿಯೇ ಸಡಿಲಾಯಿತಂತೆ! ಚಕ್ಕಡಿಯಿಂದ ಚಕ್ಕಡಿಗೆ ದಾಟುತ್ತ ಈ ಕತೆ ದೊಡ್ಡದಾಗಿ, ಊರು ಮುಟ್ಟುವ ಹೊತ್ತಿಗೆ ನಾನು ಅವರನ್ನು ತಲೆಕೆಳಗಾಗಿ ಎತ್ತಿ ಹಿಡಿದಿದ್ದೆ. ಸಡಿಲಾದದ್ದು ನನ್ನದು ಎಂದು ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. "ದೊಡ್ಡವರ ಮ್ಯಾಲ ಎಷ್ಟ್ ಮರ್ಯಾದಿ ಐತಿ ನೋಡ್ರಿ ಹುಡುಗಗ" ಎಂದು ನನ್ನ ಗುಣವನ್ನೇ ಹೊಗಳಿದರು. ಎಲ್ಲ ಕಂಡಿದ್ದ ಕಾಕಾ ಮಾತ್ರ ದಾರಿ ನೋಡುತ್ತ ಎತ್ತು ಹೊಡೆಯುತ್ತಿದ್ದರು.

ಅವ್ವನಿಗೆ ನಾನು ಏನೂ ಹೇಳಲಿಲ್ಲ. ಆಕೆ ಆ ಲಂಗೋಟಿಯನ್ನು ಮಡಚಿ ಸಂದೂಕದಲ್ಲಿಟ್ಟು, ಬಂದವರಿಗೆಲ್ಲ ತೋರಿಸುತ್ತಿದ್ದಳು. ತನ್ನ ಪೂಜೆಯ ಫಲದಿಂದಲೇ ಮಗ ಪೈಲ್ವಾನನಾದ ಎಂಬುದು ಆಕೆಯ ನಂಬಿಕೆ. ನನಗೆ ಅದನ್ನು ಕೆಡಿಸುವ ಮನಸ್ಸಾಗಲಿಲ್ಲ.

ಆ ಮೇಲಿಂದ ನನಗೆ ಕರೆಗಳು ಬರತೊಡಗಿದವು. ರಾಯಬಾಗ, ಚಿಕ್ಕೋಡಿ, ಅಥಣಿ ಎಂದು ಸುತ್ತಿದೆ. ಹೋದಲ್ಲೆಲ್ಲ, "ಮೀರಾಸಾಬನ ಲಂಗೋಟಿ ಸಡ್ಲ ಮಾಡಿದಾಂವ ಇಂವನ" ಎಂದು ನನ್ನನ್ನು ತೋರಿಸುತ್ತಿದ್ದರು. ಪೈಲ್ವಾನನಾದ ಸಂತೋಷದಲ್ಲಿ ಆ ಮಾತೊಂದು ಕಾಲಿಗೆ ಚುಚ್ಚಿದ ಮುಳ್ಳಾಗಿತ್ತು.

ಕೆಲವು ವರ್ಷಗಳಾದ ಮೇಲೆ ಹುಕ್ಕೇರಿಯಿಂದಲೇ ಕರೆ ಬಂತು. ಕುಸ್ತಿಯ ಹಿಂದಿನ ದಿನವೇ ಹೋಗಿ ಪೇಟೆಯಲ್ಲಿ ಇಳಿದೆ. ಒಂದು ಚಹದ ಅಂಗಡಿಯಲ್ಲಿ, ಮೀರಾಸಾಬ ಪೈಲ್ವಾನರ ಮನೆ ಎಲ್ಲಿ ಎಂದು ಕೇಳಿದೆ.

"ಯಾವ ಮೀರಾಸಾಬ್ರಿ? ಸಡ್ಲ ಪೈಲ್ವಾನಾ?" ಎಂದ ಅಂಗಡಿಯವ. ಕೂತವರು ನಕ್ಕರು. ಎದುರಿಗೇ ಅವರ ಗಾದಿಯ ಅಂಗಡಿ ಎಂದು ತೋರಿಸಿದ.

ಕೊಲ್ಲಾಪುರದಲ್ಲಿ ಹಿಡಿದ ಕುಸ್ತಿಗಳನ್ನೆಲ್ಲ ಅವರ ಊರೇ ಮರೆತಿತ್ತು. ನೆನಪಿಟ್ಟುಕೊಂಡದ್ದು ಕಡೆಯದೊಂದನ್ನು ಮಾತ್ರ. ಚಹ ಅಲ್ಲೇ ಬಿಟ್ಟು ಎದ್ದೆ. ಎದುರಿನ ಅಂಗಡಿಯಲ್ಲಿ ಅವರು ಬಿಲ್ಲು ಮೀಟುತ್ತ ಅರಳೆ ಹಿಂಜುತ್ತಿದ್ದರು. ಗಡ್ಡ, ಹುಬ್ಬಿನಲ್ಲೆಲ್ಲ ಅರಳೆಯ ಎಳೆ. ನನ್ನ ಗುರುತು ಹಿಡಿದು, "ಬಾರೋ ತಮ್ಮಾ, ಮಾಳಪ್ಪಾ" ಎಂದು ಎದ್ದರು. ನಾನು ಅವರ ಕೈ ಹಿಡಿದು ಚಹದ ಅಂಗಡಿಯ ಮುಂದೆ ಕರೆತಂದೆ. ಎಲ್ಲರಿಗೂ ಕೇಳುವಂತೆ, ಅಂದು ಬಿಚ್ಚಿದ್ದು ಯಾರದು, ಹಿಡಿದವರು ಯಾರು, ಕಂಬಳಿಯೊಳಗೆ ಏನಾಯಿತು ಎಂದು ಒಂದೂ ಬಿಡದೆ ಹೇಳಿದೆ. ಕೂತವರ ನಗು ನಿಂತಿತು. ಎಲ್ಲರೂ ಮೀರಾಸಾಬರ ಮುಖ ನೋಡಿದರು.

ಅವರು ಮೀಸೆಗೆ ಹತ್ತಿದ ಅರಳೆ ಒರೆಸಿಕೊಂಡು ನಕ್ಕರು. "ನೋಡ್ರಿ, ಈಗಿನ ಕಾಲದಾಗೂ ಇಂಥವರು ಇರ್ತಾರ. ನನ್ನ ಮಾನಾ ಉಳಸಾಕ ತನ್ನ ಮಾನಾ ಕಳಕೊಳ್ಳಾಕ ಬಂದಾನ. ನಾಳಿ ನಮ್ಮೂರಾಗ ಇಂವನ ಕುಸ್ತಿ ಐತಿ. ಬಂದು ಚಪ್ಪಾಳಿ ಹೊಡೀರಿ" ಎಂದರು.

ಮುಗಿಯಿತು. ಎಲ್ಲರೂ ಅವರ ಮಾತನ್ನೇ ನಂಬಿದರು. ಒಬ್ಬ ಎದ್ದು ಬಂದು, ದೊಡ್ಡ ಮನಸ್ಸಿನವನೆಂದು ನನ್ನ ಬೆನ್ನು ತಟ್ಟಿದ.

ಅವರ ಅಂಗಡಿಯೊಳಗೆ ಅರಳೆಯ ರಾಶಿಯ ಬಾಜೂ ಕೂತು ಕೇಳಿದೆ. "ಯಾಕ ಹಿಂಗ ಮಾಡಿದ್ರಿ? ಖರೇನ ಹೇಳಿದ್ನಲ್ಲ."

"ನಾಳಿ ಕಣಕ್ಕ ಇಳಿಯಾಂವ ನೀನೋ ನಾನೋ?" ಎಂದರು. "ಒಮ್ಮೆ ಮಂದಿ ನಗಾಕ ಸುರು ಮಾಡಿದ್ರ ಕಾಲಾಗಿನ ಬಲಾ ಹೋಗ್ತೈತಿ. ಅದು ನನಗ ಗೊತ್ತೈತಿ. ನೀ ಕುಸ್ತಿ ಬಿಡು, ಆ ಮ್ಯಾಲ ಹೇಳು. ಆವಾಗ ನಾ ಬ್ಯಾಡನ್ನೂದಿಲ್ಲ. ನನಗೂ ಕೇಳಾಕ ಛಲೋ ಅನಸ್ತೈತಿ."

ಆ ಕಡೆಯ ಮಾತನ್ನು ಅವರು ನನ್ನ ಮುಖ ನೋಡದೆ, ಬಿಲ್ಲಿನ ನಾರು ಸರಿಮಾಡುತ್ತ ಹೇಳಿದರು. ಅಂದು ಮೊದಲ ಸಲ ನನಗೆ ತಿಳಿಯಿತು, ಆ ಹೆಸರು ಅವರಿಗೂ ನೋಯುತ್ತಿತ್ತು ಎಂದು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ನನ್ನ ಭುಜ ಕಳಚಿತು. ಕುಸ್ತಿ ಬಿಟ್ಟೆ. ಬಿಟ್ಟ ವಾರದಲ್ಲೇ ಹುಕ್ಕೇರಿಗೆ ಹೋದೆ. ಅವರನ್ನು ಕೈಹಿಡಿದು ಪೇಟೆಯ ನಡುವೆ ನಿಲ್ಲಿಸಿ, ಈ ಸಲ ಅವರ ಬಾಯಿಂದಲೇ ಹೌದೆನ್ನಿಸಬೇಕೆಂದು ಹೋದೆ. ಗಾದಿಯ ಅಂಗಡಿಯಲ್ಲಿ ಬೇರೆ ಯಾರೋ ಕೂತಿದ್ದರು. ಮೀರಾಸಾಬರು ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಚಹದ ಅಂಗಡಿಯವನು, "ಸಡ್ಲ ಪೈಲ್ವಾನ ಹೋದ್ರಿ" ಎಂದ. ಅವನು ಮರುಗಿಯೇ ಹೇಳಿದ. ಅವನಿಗೆ ಅವರ ಬೇರೆ ಹೆಸರು ನೆನಪಿರಲಿಲ್ಲ, ಅಷ್ಟೆ. ನಾನು ಅಂದು ಅಲ್ಲಿ ಏನು ಹೇಳಿದರೂ, ಸತ್ತವರ ಮಾನ ಉಳಿಸಲು ಬಂದಿದ್ದಾನೆ ಎಂದು ಮತ್ತೊಮ್ಮೆ ಬೆನ್ನು ತಟ್ಟುತ್ತಿದ್ದರು. ಹಾಗೇ ತಿರುಗಿ ಬಂದೆ.

ಈಗ ನನ್ನ ಮೊಮ್ಮಗಳ ಕೈಯಲ್ಲಿ ಇದನ್ನು ಬರೆಸುತ್ತಿದ್ದೇನೆ. ಬಾಯಿಮಾತನ್ನು ನಂಬದವರು ಅಚ್ಚಾದದ್ದನ್ನಾದರೂ ನಂಬುತ್ತಾರೆ ಎಂಬ ಆಸೆ. ಹುಕ್ಕೇರಿಯ ಹಿರಿಯರೇ, ಗೋಕಾಕದ ಬಯಲಿನಲ್ಲಿ ಆ ಸಂಜೆ ಸಡಿಲಾದದ್ದು ಮಸಗುಪ್ಪಿಯ ಮಾಳಪ್ಪನ ಲಂಗೋಟಿ. ನಿಮ್ಮೂರಿನವರದು ಕಲ್ಲಿನಂತೆ ಬಿಗಿಯಾಗಿತ್ತು. ನಾನು ಕಣ್ಣಾರೆ ಕಂಡಿದ್ದೇನೆ. ಇನ್ನು ಮೇಲೆ ಅವರ ಮಾತು ಬಂದಾಗ ದಯವಿಟ್ಟು ಅವರನ್ನು 'ಮೀರಾಸಾಬ ಪೈಲ್ವಾನರು' ಎನ್ನಿ.